ವಿಲಿಯಂ ಫಾರ್

ವಿಲಿಯಂ ಫಾರ್ (30 ನವೆಂಬರ್ 1807 – 14 ಏಪ್ರಿಲ್ 1883) ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವೈದ್ಯರು ಮತ್ತು ಸಂಖ್ಯಾಶಾಸ್ತ್ರಜ್ಞರು. ಲಂಡನ್ನಿನ ಜನರಲ್ ರಿಜಿಸ್ಟರ್ ಆಫೀಸ್ ಎಂಬ ಪ್ರಧಾನ ನೋಂದಣಿ ಕಚೇರಿಯಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ಸೇವೆ ಸಲ್ಲಿಸಿದರು. ರೋಗಿಯ ಹಾಸಿಗೆಯ ಬಳಿ ವೈದ್ಯರಿಗೆ ಮಾತ್ರ ತಿಳಿದಿರುತ್ತಿದ್ದ ಮರಣ ಕಾರಣವು ಸರ್ಕಾರದ ಆರೋಗ್ಯಾಡಳಿತಕ್ಕೆ ನಿಯತವಾಗಿ, ಒಂದೇ ಪರಿಭಾಷೆಯಲ್ಲಿ, ವಾರವಾರವೂ ತಲುಪುವಂತಹ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಇವರು ಪ್ರಮುಖರು. ಕಾಲರಾ ರೋಗವು ಕುಡಿಯುವ ನೀರಿನಿಂದ ಹರಡುತ್ತದೆಂಬುದನ್ನು ತೋರಿಸಲು ಜಾನ್ ಸ್ನೋ ಬಳಸಿದ ಮಾಹಿತಿಯ ಬಹುಪಾಲು ಫಾರ್ ಅವರ ಕಚೇರಿಯಿಂದಲೇ ದೊರೆತದ್ದು. ಇಂದು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಮೂಲವೂ ಇವರ ಕೆಲಸದಲ್ಲಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫಾರ್ ಇಂಗ್ಲೆಂಡಿನ ಷ್ರಾಪ್‌ಶೈರ್ ಪ್ರಾಂತದ ಕೆನ್ಲಿ ಎಂಬ ಹಳ್ಳಿಯ ಬಡ ಕುಟುಂಬವೊಂದರಲ್ಲಿ ಜನಿಸಿದರು. ಕುಟುಂಬವು ಶ್ರೂಸ್‌ಬರಿ ಪಟ್ಟಣದ ಸಮೀಪದ ಡೊರಿಂಗ್ಟನ್ನಿಗೆ ಬಂದು ನೆಲೆಸಿದಾಗ ಅಲ್ಲಿನ ಜಮೀನುದಾರರಾದ ಜೋಸೆಫ್ ಪ್ರೈಸ್ ಎಂಬುವರು ಬಾಲಕನ ಬುದ್ಧಿಶಕ್ತಿಯನ್ನು ಗುರುತಿಸಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅವರ ಮನೆಯಲ್ಲಿಯೇ ಬೆಳೆದ ಫಾರ್ 1826ರಲ್ಲಿ ಶ್ರೂಸ್‌ಬರಿಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಿಗೆ ನೆರವಾಗುವ ಕೆಲಸಕ್ಕೆ ಸೇರಿದರು. ಜೊತೆಯಲ್ಲಿ ಔಷಧಿಕಾರರೊಬ್ಬರ ಬಳಿ ಶಿಷ್ಯವೃತ್ತಿಯನ್ನೂ ನಡೆಸಿದರು.

1828ರಲ್ಲಿ ಪ್ರೈಸ್ ತೀರಿಕೊಂಡಾಗ ಫಾರ್ ಅವರಿಗೆ 500 ಪೌಂಡುಗಳನ್ನು ಬಿಟ್ಟುಹೋಗಿದ್ದರು. ಈ ಹಣದ ಬಲದಿಂದ ಫಾರ್ ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು; ಸ್ವಿಟ್ಜರ್ಲೆಂಡಿಗೂ ಭೇಟಿ ನೀಡಿದರು. ಆ ದಿನಗಳಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಗಳು ಯೂರೋಪಿನ ವೈದ್ಯಕೀಯ ಚಿಂತನೆಯ ಕೇಂದ್ರವಾಗಿದ್ದವು. ಅಲ್ಲಿ ಪಿಯರ್ ಲೂಯಿ ಎಂಬ ವೈದ್ಯರು ಚಿಕಿತ್ಸೆಯ ಫಲವನ್ನು ಅನುಭವದ ಮಾತಿನಿಂದ ಹೇಳುವುದರ ಬದಲು ರೋಗಿಗಳನ್ನು ಎಣಿಸಿ ಹೋಲಿಸುವ ಕ್ರಮವನ್ನು ಬೋಧಿಸುತ್ತಿದ್ದರು. ಎಣಿಕೆಯೂ ವೈದ್ಯನ ಒಂದು ಉಪಕರಣವಾಗಬಲ್ಲದೆಂಬ ಈ ದೃಷ್ಟಿ ಫಾರ್ ಅವರ ಮುಂದಿನ ಬದುಕಿನ ದಾರಿಯನ್ನು ನಿರ್ಧರಿಸಿತು.

1831ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಧ್ಯಯನವನ್ನು ಮುಂದುವರಿಸಿ, 1832ರಲ್ಲಿ ಔಷಧಿಕಾರರ ಸಂಘದ ಪರವಾನಗಿಯನ್ನು ಪಡೆದರು. ಮರುವರ್ಷ ವಿವಾಹವಾಗಿ ಲಂಡನ್ನಿನಲ್ಲಿ ವೈದ್ಯವೃತ್ತಿ ಆರಂಭಿಸಿದರು. ಲ್ಯಾನ್ಸೆಟ್ ಪತ್ರಿಕೆಗೆ ಲೇಖನಗಳನ್ನು ಬರೆದರು. 1837ರಲ್ಲಿ ತಾವೇ ಒಂದು ವೈದ್ಯಕೀಯ ಪತ್ರಿಕೆಯನ್ನು ಹೊರಡಿಸಿದರು. ಅದೇ ವರ್ಷ ಅವರ ಪತ್ನಿ ಕ್ಷಯರೋಗದಿಂದ ತೀರಿಕೊಂಡರು. ಇಂಗ್ಲೆಂಡಿನಲ್ಲಿ ಯಾವ ರೋಗದಿಂದ ಎಷ್ಟು ಜನ ಸಾಯುತ್ತಿದ್ದಾರೆ ಎಂಬ ಪ್ರಶ್ನೆಗೆ ಆಗ ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಅದೇ 1837ರಲ್ಲಿ ಮೆಕ್ಕಲಕ್ ಎಂಬ ಅರ್ಥಶಾಸ್ತ್ರಜ್ಞರು ಸಂಪಾದಿಸಿದ ಬ್ರಿಟಿಷ್ ಸಾಮ್ರಾಜ್ಯದ ಅಂಕಿಅಂಶಗಳ ಗ್ರಂಥಕ್ಕೆ ಫಾರ್ ಜನನ, ಮರಣ ಮತ್ತು ರೋಗಗಳ ಕುರಿತು ಒಂದು ಅಧ್ಯಾಯವನ್ನು ಬರೆದುಕೊಟ್ಟರು. ಈ ಅಧ್ಯಾಯದಿಂದ ಅವರಿಗೆ ಹೆಸರು ಬಂದಿತು.

ಹಿನ್ನೆಲೆ: ನೋಂದಣಿಗೆ ಮುಂಚಿನ ಸ್ಥಿತಿ

ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಮರಣಗಳ ಲೆಕ್ಕವನ್ನು ಇಡುತ್ತಿದ್ದುದು ಚರ್ಚುಗಳು. ಅವು ಬರೆದಿಡುತ್ತಿದ್ದುದು ಶವಸಂಸ್ಕಾರಗಳನ್ನೇ ಹೊರತು ಮರಣಗಳನ್ನಲ್ಲ; ಆಂಗ್ಲಿಕನ್ ಪಂಥಕ್ಕೆ ಸೇರದವರು ಆ ಲೆಕ್ಕದಿಂದ ಹೊರಗುಳಿಯುತ್ತಿದ್ದರು. ಲಂಡನ್ನಿನಲ್ಲಿ ಹಿಂದಿನಿಂದ ಪ್ರಕಟವಾಗುತ್ತಿದ್ದ ಸಾವಿನ ಪಟ್ಟಿಗಳಲ್ಲಿ ರೋಗದ ಹೆಸರನ್ನು ಹೇಳುತ್ತಿದ್ದವರು ವೈದ್ಯರಲ್ಲ, ಶವವನ್ನು ನೋಡಿಬರಲು ನೇಮಕವಾಗಿದ್ದ ವೃದ್ಧ ಸ್ತ್ರೀಯರು. ಹೀಗಾಗಿ ಚಿಕಿತ್ಸೆ ನೀಡಿದ ವೈದ್ಯನ ತಿಳಿವಳಿಕೆ ಅವನಲ್ಲಿಯೇ ಉಳಿದುಹೋಗುತ್ತಿತ್ತು. ಒಂದು ಬೀದಿಯ ಹತ್ತು ಮನೆಗಳಲ್ಲಿ ಒಂದೇ ಜ್ವರದಿಂದ ಜನ ಸತ್ತರೂ, ಹತ್ತು ಬೇರೆ ಬೇರೆ ವೈದ್ಯರು ಅವರನ್ನು ನೋಡಿದ್ದರೆ, ಆ ಹತ್ತು ಸಾವುಗಳನ್ನು ಒಟ್ಟಾಗಿ ಕಾಣುವ ಕಣ್ಣು ಎಲ್ಲಿಯೂ ಇರಲಿಲ್ಲ.

1836ರಲ್ಲಿ ಬ್ರಿಟಿಷ್ ಸಂಸತ್ತು ಜನನ ಮತ್ತು ಮರಣಗಳ ನೋಂದಣಿ ಕಾಯಿದೆಯನ್ನು ಅಂಗೀಕರಿಸಿತು. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಇದು ಜಾರಿಗೆ ಬಂದಿತು. ದೇಶವನ್ನು ನೋಂದಣಿ ಜಿಲ್ಲೆಗಳಾಗಿ ವಿಂಗಡಿಸಿ, ಎರಡು ಸಾವಿರಕ್ಕೂ ಹೆಚ್ಚು ಸ್ಥಳೀಯ ನೋಂದಣಾಧಿಕಾರಿಗಳನ್ನು ನೇಮಿಸಲಾಯಿತು. ಅವರ ದಾಖಲೆಗಳ ಪ್ರತಿಗಳೆಲ್ಲ ಲಂಡನ್ನಿನ ಸಾಮರ್‌ಸೆಟ್ ಹೌಸ್‌ನಲ್ಲಿದ್ದ ಪ್ರಧಾನ ಕಚೇರಿಗೆ ಬರಬೇಕಾಗಿತ್ತು. ಕಾಯಿದೆಯ ಮುಖ್ಯ ಉದ್ದೇಶ ಆಸ್ತಿಯ ಹಕ್ಕು ಹಾಗೂ ವಂಶಾವಳಿಗೆ ಕಾನೂನಿನ ಆಧಾರವನ್ನು ಒದಗಿಸುವುದಾಗಿದ್ದರೂ, ಮರಣದ ನಮೂನೆಯಲ್ಲಿ ಮರಣ ಕಾರಣಕ್ಕೆಂದು ಒಂದು ಅಂಕಣವಿತ್ತು. ಆ ಒಂದು ಅಂಕಣವೇ ಫಾರ್ ಅವರ ಜೀವನದ ಕಾರ್ಯಕ್ಷೇತ್ರವಾಯಿತು.

ಪ್ರಧಾನ ನೋಂದಣಿ ಕಚೇರಿಯಲ್ಲಿ

ಮೊದಲ ಮಹಾನೋಂದಣಾಧಿಕಾರಿ ಥಾಮಸ್ ಹೆನ್ರಿ ಲಿಸ್ಟರ್ ಅವರಿಗೆ ದೇಶದ ಮೂಲೆಮೂಲೆಗಳಿಂದ ಬಂದು ಬೀಳುತ್ತಿದ್ದ ದಾಖಲೆಗಳನ್ನು ಅರ್ಥೈಸಬಲ್ಲ ವೈದ್ಯರೊಬ್ಬರು ಬೇಕಾಗಿದ್ದರು. ಸಾರ್ವಜನಿಕ ಆರೋಗ್ಯ ಸುಧಾರಕರಾದ ಎಡ್ವಿನ್ ಚಾಡ್ವಿಕ್ ಮೊದಲಾದವರ ಶಿಫಾರಸಿನಿಂದ ಫಾರ್ ಅಲ್ಲಿಗೆ ತಾತ್ಕಾಲಿಕವಾಗಿ ಸೇರಿದರು. 1839ರಲ್ಲಿ ಸಾರಾಂಶಗಳ ಸಂಕಲನಕಾರ ಎಂಬ ಹುದ್ದೆಯಲ್ಲಿ ಕಾಯಂ ಆದರು. 1842ರಲ್ಲಿ ಲಿಸ್ಟರ್ ಅವರ ನಂತರ ಬಂದ ಜಾರ್ಜ್ ಗ್ರಹಾಂ ಅವರು 1879ರವರೆಗೂ ಮಹಾನೋಂದಣಾಧಿಕಾರಿಯಾಗಿದ್ದು ಫಾರ್ ಅವರ ಕೆಲಸಕ್ಕೆ ಬೆಂಬಲವಾಗಿ ನಿಂತರು.

ಫಾರ್ ಅವರ ಮೊದಲ ಸಮಸ್ಯೆ ಭಾಷೆಯದು. ಒಂದೇ ರೋಗಕ್ಕೆ ನಾಲ್ಕಾರು ಹೆಸರುಗಳಿದ್ದವು. ನಾಲ್ಕಾರು ರೋಗಗಳು ಜ್ವರ ಎಂಬ ಒಂದೇ ಹೆಸರಿನಲ್ಲಿ ಅಡಗಿದ್ದವು. ರೋಗದ ಬದಲು ಲಕ್ಷಣವನ್ನೋ ಕೊನೆಯ ತೊಡಕನ್ನೋ ಬರೆದು ಕಳುಹಿಸುವವರೂ ಇದ್ದರು. ಪದಗಳು ನಿಶ್ಚಿತವಾಗದೆ ಎಣಿಕೆಗೆ ಅರ್ಥವಿಲ್ಲವೆಂದು ಮನಗಂಡ ಫಾರ್, 1839ರಲ್ಲಿ ಪ್ರಕಟವಾದ ಕಚೇರಿಯ ಮೊದಲ ವಾರ್ಷಿಕ ವರದಿಯಲ್ಲಿಯೇ ರೋಗಗಳ ಒಂದು ವರ್ಗೀಕರಣವನ್ನು ಮಂಡಿಸಿದರು. ಇದ್ದಕ್ಕಿದ್ದಂತೆ ಹರಡುವ ಸಿಡುಬು, ದಡಾರ, ಕಾಲರಾ ಮುಂತಾದ ರೋಗಗಳನ್ನು ಒಂದು ಗುಂಪಾಗಿಯೂ, ದೇಹದ ನಿರ್ದಿಷ್ಟ ಅಂಗಗಳಿಗೆ ಸಂಬಂಧಿಸಿದ ರೋಗಗಳನ್ನು ಬೇರೆ ಗುಂಪುಗಳಾಗಿಯೂ ವಿಂಗಡಿಸಿದರು. ಮೊದಲ ಗುಂಪಿಗೆ ಅವರು ಝೈಮಾಟಿಕ್ ಎಂಬ ಹೆಸರನ್ನು ಕೊಟ್ಟರು. ಹಿಟ್ಟು ಹುದುಗುವಂತೆ ರೋಗದ್ರವ್ಯವು ದೇಹದಲ್ಲಿ ಹುದುಗಿ ಹೆಚ್ಚುತ್ತದೆಂಬ ಕಲ್ಪನೆ ಅದರ ಹಿಂದಿತ್ತು.

ಎರಡನೆಯ ಸಮಸ್ಯೆ ಮಾಹಿತಿಯ ಮೂಲದ್ದು. ಮರಣ ಕಾರಣವನ್ನು ನೋಂದಣಾಧಿಕಾರಿಗೆ ತಿಳಿಸುತ್ತಿದ್ದವರು ಹೆಚ್ಚಾಗಿ ಮೃತರ ಬಂಧುಗಳು ಅಥವಾ ನೆರೆಹೊರೆಯವರು. ಅದನ್ನು ವೈದ್ಯರಿಂದಲೇ ಪಡೆಯಬೇಕಿತ್ತು. ಆದರೆ ವೈದ್ಯರನ್ನು ಬಲವಂತಪಡಿಸಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಆದುದರಿಂದ ವೈದ್ಯರ ಒಪ್ಪಿಗೆಯನ್ನು ಗಳಿಸುವ ದಾರಿಯನ್ನು ಕಚೇರಿ ಹಿಡಿಯಿತು. ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಮುಂತಾದ ವೈದ್ಯ ಸಂಸ್ಥೆಗಳ ಮುಖ್ಯಸ್ಥರು ತಮ್ಮ ಸದಸ್ಯರಿಗೆ ಈ ಕಾರ್ಯದಲ್ಲಿ ಸಹಕರಿಸುವಂತೆ ಕರೆ ನೀಡಿದರು. 1845ರಲ್ಲಿ ಮರಣ ಕಾರಣದ ಪ್ರಮಾಣಪತ್ರಗಳ ಖಾಲಿ ಪುಸ್ತಕಗಳನ್ನು ಮುದ್ರಿಸಿ ವೈದ್ಯರಿಗೆ ಹಂಚಲಾಯಿತು. ವೈದ್ಯರು ತುಂಬಿಕೊಟ್ಟ ಹಾಳೆಯನ್ನು ಬಂಧುಗಳು ನೋಂದಣಾಧಿಕಾರಿಗೆ ಒಪ್ಪಿಸುತ್ತಿದ್ದರು. 1874ರ ಕಾಯಿದೆಯು ಈ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸುವವರೆಗೂ ಮೂವತ್ತು ವರ್ಷಗಳ ಕಾಲ ವ್ಯವಸ್ಥೆಯು ಬಹುಮಟ್ಟಿಗೆ ವೈದ್ಯರ ಸ್ವಯಂಪ್ರೇರಣೆಯಿಂದಲೇ ನಡೆಯಿತು.

ಮೂರನೆಯದು ಕಾಲದ ಸಮಸ್ಯೆ. ವರ್ಷಾಂತ್ಯದ ವರದಿಯಿಂದ ಇತಿಹಾಸಕ್ಕೆ ಪ್ರಯೋಜನವಿದೆ. ನಡೆಯುತ್ತಿರುವ ಪಿಡುಗನ್ನು ತಡೆಯಲು ಅದು ಸಾಲದು. 1840ರಿಂದ ಲಂಡನ್ನಿನ ಮರಣಗಳ ಸಾಪ್ತಾಹಿಕ ಪಟ್ಟಿಯನ್ನು ಕಚೇರಿ ಪ್ರಕಟಿಸತೊಡಗಿತು. ಶನಿವಾರಕ್ಕೆ ಮುಗಿದ ವಾರದ ಲೆಕ್ಕ ಮುಂದಿನ ವಾರವೇ ಪತ್ರಿಕೆಗಳಿಗೂ ಅಧಿಕಾರಿಗಳಿಗೂ ದೊರೆಯುತ್ತಿತ್ತು.

ಹಸಿವಿನ ಸಾವುಗಳ ವಿವಾದ

ವರ್ಗೀಕರಣವು ಕೇವಲ ವೈದ್ಯಕೀಯ ವಿಷಯವಲ್ಲವೆಂಬುದು ಮೊದಲ ವರದಿಯಲ್ಲಿಯೇ ಸ್ಪಷ್ಟವಾಯಿತು. ಅದರಲ್ಲಿ ಫಾರ್ 63 ಸಾವುಗಳನ್ನು ಹಸಿವಿನಿಂದಾದವೆಂದು ನಮೂದಿಸಿದ್ದರು. ಬಡವರ ಪರಿಹಾರಕ್ಕಾಗಿ 1834ರಲ್ಲಿ ಜಾರಿಗೆ ಬಂದಿದ್ದ ಕಠಿಣ ಕಾಯಿದೆಯ ಮುಖ್ಯ ರೂವಾರಿಗಳಲ್ಲಿ ಚಾಡ್ವಿಕ್ ಒಬ್ಬರು. ಈ ನಮೂದು ಆ ಕಾಯಿದೆಗೆ ಕಳಂಕ ತರುವಂತಿದ್ದುದರಿಂದ ಅವರು ಅದನ್ನು ತೀವ್ರವಾಗಿ ಆಕ್ಷೇಪಿಸಿದರು. ತಮ್ಮನ್ನು ಹುದ್ದೆಗೆ ಶಿಫಾರಸು ಮಾಡಿದವರೇ ಎದುರು ನಿಂತರೂ ಫಾರ್ ಹಿಂಜರಿಯಲಿಲ್ಲ. ಅರೆಹೊಟ್ಟೆಯಿಂದ ಕ್ಷೀಣಿಸಿದ ದೇಹವು ಬೇರೆ ರೋಗಗಳಿಗೆ ತುತ್ತಾಗುವುದರಿಂದ, ಹಸಿವಿನ ಪಾಲು ಆ ಸಂಖ್ಯೆಗಿಂತ ಹೆಚ್ಚೇ ಇರಬೇಕೆಂಬುದು ಅವರ ನಿಲುವಾಗಿತ್ತು. ಸರ್ಕಾರದ ಒಂದು ಇಲಾಖೆಯ ದಾಖಲೆ ಮತ್ತೊಂದು ಇಲಾಖೆಯ ನೀತಿಗೆ ಕನ್ನಡಿ ಹಿಡಿದ ಆರಂಭದ ಪ್ರಸಂಗಗಳಲ್ಲಿ ಇದೂ ಒಂದು.

ಜೀವಿತ ಕೋಷ್ಟಕಗಳು ಮತ್ತು ಮರಣ ಪ್ರಮಾಣ

ಸಾವುಗಳ ಸಂಖ್ಯೆ ಅಂಶವಾದರೆ ಜನಸಂಖ್ಯೆ ಛೇದ. ಇವೆರಡೂ ಸೇರಿದಾಗಲೇ ಒಂದು ಊರನ್ನು ಇನ್ನೊಂದು ಊರಿನೊಡನೆ ಹೋಲಿಸಲು ಸಾಧ್ಯ. 1841ರ ಜನಗಣತಿಯ ಹೊಣೆಯೂ ಪ್ರಧಾನ ನೋಂದಣಿ ಕಚೇರಿಗೇ ಬಂದುದರಿಂದ ಎರಡೂ ಫಾರ್ ಅವರ ಕೈಗೆ ಸಿಕ್ಕವು. 1851 ಹಾಗೂ 1861ರ ಜನಗಣತಿಗಳಲ್ಲಿ ಅವರು ಸಹಾಯಕ ಆಯುಕ್ತರಾಗಿಯೂ, 1871ರದರಲ್ಲಿ ಆಯುಕ್ತರಾಗಿಯೂ ಕಾರ್ಯ ನಿರ್ವಹಿಸಿದರು.

1843ರಲ್ಲಿ ಪ್ರಕಟವಾದ ಐದನೆಯ ವಾರ್ಷಿಕ ವರದಿಯಲ್ಲಿ ಅವರು ಮೂರು ಪ್ರದೇಶಗಳ ಜೀವಿತ ಕೋಷ್ಟಕಗಳನ್ನು ಹೋಲಿಸಿದರು. ಹಳ್ಳಿಗಾಡಾದ ಸರ್ರೆ ಪ್ರಾಂತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಜೀವಿತಾವಧಿ 45 ವರ್ಷ, ಲಂಡನ್ನಿನಲ್ಲಿ 37 ವರ್ಷ, ಲಿವರ್‌ಪೂಲಿನಲ್ಲಿ ಕೇವಲ 26 ವರ್ಷ. ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ ಹುಟ್ಟಿದ ಮಕ್ಕಳ ನಡುವಿನ ಈ ಅಂತರವು ವಿಧಿಯ ಫಲವಲ್ಲ, ಇಕ್ಕಟ್ಟಾದ ವಸತಿ ಮತ್ತು ಕೊಳಚೆಯ ಫಲವೆಂದು ಅವರು ವಾದಿಸಿದರು. ಮುಂದೆ ಅವರು ದೇಶದ ಉತ್ತಮ ಜಿಲ್ಲೆಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 17ರಷ್ಟಿದ್ದ ಮರಣ ಪ್ರಮಾಣವನ್ನು ಅಳತೆಗೋಲಾಗಿ ಇಟ್ಟುಕೊಂಡು, ಅದಕ್ಕಿಂತ ಹೆಚ್ಚಿನ ಸಾವುಗಳನ್ನು ತಪ್ಪಿಸಬಹುದಾಗಿದ್ದ ಸಾವುಗಳೆಂದು ಪರಿಗಣಿಸಿದರು. 1848ರ ಸಾರ್ವಜನಿಕ ಆರೋಗ್ಯ ಕಾಯಿದೆಯು, ಏಳು ವರ್ಷಗಳ ಸರಾಸರಿ ಮರಣ ಪ್ರಮಾಣ ಸಾವಿರಕ್ಕೆ 23ನ್ನು ಮೀರಿದ ಊರುಗಳಲ್ಲಿ ಸ್ಥಳೀಯರ ಮನವಿ ಇಲ್ಲದೆಯೂ ಕೇಂದ್ರ ಆರೋಗ್ಯ ಮಂಡಳಿ ಕ್ರಮ ಕೈಗೊಳ್ಳಲು ಅವಕಾಶವಿತ್ತಿತು. ನೋಂದಣಿ ಕಚೇರಿಯ ಒಂದು ಅಂಕಿ ಹೀಗೆ ಆಡಳಿತಕ್ಕೆ ಅಧಿಕಾರದ ಆಧಾರವಾಯಿತು.

1864ರಲ್ಲಿ ಅವರು ಪ್ರಕಟಿಸಿದ ಮೂರನೆಯ ಇಂಗ್ಲಿಷ್ ಜೀವಿತ ಕೋಷ್ಟಕದ ಲೆಕ್ಕಾಚಾರದಲ್ಲಿ ಚಾರ್ಲ್ಸ್ ಬ್ಯಾಬೇಜ್ ಅವರ ಕಲ್ಪನೆಯಿಂದ ಪ್ರೇರಿತರಾಗಿ ಸ್ವೀಡನ್ನಿನ ಷ್ಯೂಟ್ಸ್ ತಂದೆ-ಮಗ ರೂಪಿಸಿದ ಗಣನಯಂತ್ರವನ್ನು ಭಾಗಶಃ ಬಳಸಲಾಯಿತು. ಸರ್ಕಾರಿ ಆರೋಗ್ಯ ದಾಖಲೆಗಳ ಸಂಸ್ಕರಣೆಗೆ ಯಂತ್ರವನ್ನು ಹೂಡಿದ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಇದು ಒಂದಾಗಿದೆ.

ಪಿಡುಗುಗಳ ಏರಿಳಿತದ ಅಧ್ಯಯನ

1837–39ರ ಸಿಡುಬಿನ ಪಿಡುಗಿನಲ್ಲಿ ಸಂಭವಿಸಿದ ಸಾವುಗಳನ್ನು ಪರಿಶೀಲಿಸಿದ ಫಾರ್, ಪಿಡುಗು ಮೊದಲು ವೇಗವಾಗಿ ಏರಿ, ಏರಿಕೆಯ ವೇಗ ಕ್ರಮೇಣ ಕುಂದಿ, ತುದಿ ಮುಟ್ಟಿ, ಬಳಿಕ ಇಳಿಯುವುದನ್ನು ಗಣಿತದ ರೇಖೆಯಲ್ಲಿ ತೋರಿಸಿದರು. ಇದನ್ನು ಫಾರ್ ನಿಯಮವೆಂದು ಕರೆಯುತ್ತಾರೆ. 1866ರಲ್ಲಿ ಇಂಗ್ಲೆಂಡಿನ ಜಾನುವಾರುಗಳಿಗೆ ದೊಡ್ಡರೋಗ ತಗಲಿ ದೇಶವೆಲ್ಲ ಭೀತಿಗೊಂಡಿದ್ದಾಗ, ರೋಗವು ಕೆಲವೇ ತಿಂಗಳಲ್ಲಿ ತಗ್ಗುವುದೆಂದು ಅವರು ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಬರೆದರು. ಹಲವರು ಈ ಮಾತನ್ನು ಹಾಸ್ಯ ಮಾಡಿದರು. ಆದರೆ ರೋಗವು ಆ ವರ್ಷವೇ ಇಳಿಮುಖವಾಯಿತು. ಜಾನುವಾರುಗಳನ್ನು ವಧಿಸಿ ಸೋಂಕನ್ನು ತಡೆಯುವ ಸರ್ಕಾರಿ ಕ್ರಮಗಳೂ ಅದಕ್ಕೆ ಕಾರಣವಾಗಿದ್ದವು.

ಕಾಲರಾ ಮತ್ತು ಜಾನ್ ಸ್ನೋ

1848–49ರ ಕಾಲರಾ ಪಿಡುಗಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 53,000ಕ್ಕೂ ಹೆಚ್ಚು ಜನ ಬಲಿಯಾದರು. ಈ ಕುರಿತು ಫಾರ್ 1852ರಲ್ಲಿ ವಿಸ್ತಾರವಾದ ವರದಿಯನ್ನು ಹೊರತಂದರು. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ಪಿಡುಗುಗಳಿಗೆ ಕಾರಣವೆಂಬುದು ಆ ಕಾಲದ ಬಹುತೇಕ ವಿದ್ವಾಂಸರ ನಂಬಿಕೆ. ಫಾರ್ ಅವರ ನಂಬಿಕೆಯೂ ಅದೇ. ಲಂಡನ್ನಿನ ಜಿಲ್ಲೆಗಳನ್ನು ಥೇಮ್ಸ್ ನದಿಯ ಮಟ್ಟದಿಂದ ಅವುಗಳಿಗಿರುವ ಎತ್ತರಕ್ಕೆ ತಕ್ಕಂತೆ ಜೋಡಿಸಿದಾಗ, 20 ಅಡಿಗಿಂತ ತಗ್ಗಿನಲ್ಲಿದ್ದ ಪ್ರದೇಶಗಳಲ್ಲಿ 10,000 ಜನರಿಗೆ 102, ಅದರ ಮೇಲಿನ ಹಂತದಲ್ಲಿ 65, ಅದಕ್ಕೂ ಮೇಲೆ 34 ಎಂಬಂತೆ ಸಾವುಗಳು ಕಡಿಮೆಯಾಗುತ್ತಿರುವುದು ಕಂಡಿತು. ನದಿಯ ದಡದ ದುರ್ಗಂಧದ ಗಾಳಿ ತಗ್ಗಿನಲ್ಲಿ ದಟ್ಟವಾಗಿರುವುದೇ ಇದಕ್ಕೆ ಕಾರಣವೆಂದು ಅವರು ಅರ್ಥೈಸಿದರು. ಅಂಕಿಗಳು ನಿಜವಾಗಿದ್ದವು, ಅರ್ಥ ಬೇರೆಯಾಗಿತ್ತು. ತಗ್ಗಿನ ಪ್ರದೇಶಗಳ ಜನರೇ ಹೆಚ್ಚಾಗಿ ಕೊಳಚೆ ಬೆರೆತ ನದಿಯ ನೀರನ್ನು ಕುಡಿಯುತ್ತಿದ್ದರು.

ಕಾಲರಾ ನೀರಿನಿಂದ ಹರಡುತ್ತದೆಂದು ಪ್ರತಿಪಾದಿಸುತ್ತಿದ್ದ ವೈದ್ಯ ಜಾನ್ ಸ್ನೋ ಅವರ ಅಭಿಪ್ರಾಯವನ್ನು ಫಾರ್ ಆಗ ಒಪ್ಪಿರಲಿಲ್ಲ. ಆದರೂ ಕಚೇರಿಯ ದಾಖಲೆಗಳನ್ನು ಅವರಿಗೆ ಮುಚ್ಚಿಡಲಿಲ್ಲ. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳು ಒಂದೇ ಬೀದಿಯ ಮನೆಗಳಿಗೆ ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿಯು 1852ರಲ್ಲಿ ನಗರದ ಕೊಳಚೆ ಸೇರದ ಮೇಲ್ಭಾಗದಿಂದ ನೀರೆತ್ತಲು ಆರಂಭಿಸಿತ್ತು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯು ಕೊಳಚೆ ಸೇರುವ ಭಾಗದಿಂದಲೇ ಎತ್ತುತ್ತಿತ್ತು. 1854ರಲ್ಲಿ ಕಾಲರಾ ಮರುಕಳಿಸಿದಾಗ, ಸ್ನೋ ನೋಂದಣಿ ಕಚೇರಿಯಿಂದ ಮೃತರ ವಿಳಾಸಗಳನ್ನು ಪಡೆದು ಮನೆಮನೆಗೂ ಹೋಗಿ ನೀರಿನ ಮೂಲವನ್ನು ವಿಚಾರಿಸಿದರು. ಆರಂಭದ ಫಲಿತಾಂಶವನ್ನು ಕಂಡ ಫಾರ್, ದಕ್ಷಿಣ ಜಿಲ್ಲೆಗಳ ನೋಂದಣಾಧಿಕಾರಿಗಳು ಪ್ರತಿಯೊಂದು ಕಾಲರಾ ಸಾವಿನಲ್ಲಿಯೂ ಆ ಮನೆಗೆ ನೀರು ಎಲ್ಲಿಂದ ಬರುತ್ತದೆಂಬುದನ್ನು ದಾಖಲಿಸುವಂತೆ ಸಲಹೆ ನೀಡಿದರು. ಮೊದಲ ಏಳು ವಾರಗಳ ಲೆಕ್ಕದಲ್ಲಿ, 10,000 ಮನೆಗಳಿಗೆ ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯ ನೀರು ಬಳಸಿದವರಲ್ಲಿ 315 ಸಾವುಗಳೂ, ಲ್ಯಾಂಬೆತ್ ಕಂಪನಿಯ ನೀರು ಬಳಸಿದವರಲ್ಲಿ 37 ಸಾವುಗಳೂ ಸಂಭವಿಸಿದ್ದವು.

ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ಸೋಹೋ ಪ್ರದೇಶದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಭೀಕರವಾಗಿ ಎರಗಿತು. ಸೆಪ್ಟೆಂಬರ್ 2ರಂದು ಮುಗಿದ ವಾರದಲ್ಲಿ ಮೂರು ಉಪಜಿಲ್ಲೆಗಳಲ್ಲಿ ನೋಂದಣಿಯಾದ 89 ಕಾಲರಾ ಸಾವುಗಳ ಪಟ್ಟಿಯನ್ನು ಸ್ನೋ ಪ್ರಧಾನ ನೋಂದಣಿ ಕಚೇರಿಯಿಂದ ಪಡೆದರು. ಅವುಗಳಲ್ಲಿ 83 ಸಾವುಗಳು ವಾರದ ಕೊನೆಯ ಮೂರು ದಿನಗಳಲ್ಲಿಯೇ ಸಂಭವಿಸಿದ್ದವು. ಬಹುತೇಕ ಎಲ್ಲವೂ ಬ್ರಾಡ್ ಸ್ಟ್ರೀಟಿನ ಕೈಪಂಪಿಗೆ ಸಮೀಪದ ಮನೆಗಳಲ್ಲಿ ಆದವು. ಸ್ನೋ ಅವರ ಮಾತಿನಂತೆ ಸ್ಥಳೀಯ ಆಡಳಿತವು ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆಯನ್ನು ತೆಗೆಸಿತು. ಮರಣ ದಾಖಲಾಗಿ ಕೆಲವೇ ದಿನಗಳಲ್ಲಿ ಆ ದಾಖಲೆಯು ಸಂಶೋಧಕನ ಕೈಸೇರಿ, ಆಡಳಿತದ ನಿರ್ಧಾರಕ್ಕೆ ಕಾರಣವಾದ ಈ ಘಟನೆ ಸಾಂಕ್ರಾಮಿಕ ರೋಗಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಹಾಗಿದ್ದರೂ, ಈ ಪಿಡುಗಿನ ವಿಚಾರಣೆಗಾಗಿ ಆರೋಗ್ಯ ಮಂಡಳಿ ನೇಮಿಸಿದ ವೈಜ್ಞಾನಿಕ ಸಮಿತಿಯು ಬ್ರಾಡ್ ಸ್ಟ್ರೀಟ್ ಕುರಿತ ಸ್ನೋ ಅವರ ತೀರ್ಮಾನವನ್ನು ತಳ್ಳಿಹಾಕಿತು. ಆ ಸಮಿತಿಯ ಸದಸ್ಯರಲ್ಲಿ ಫಾರ್ ಕೂಡ ಒಬ್ಬರಾಗಿದ್ದರು. ಸ್ನೋ 1858ರಲ್ಲಿ ತೀರಿಕೊಂಡರು.

1866ರ ಪಿಡುಗು ಮತ್ತು ನಿಲುವಿನ ಬದಲಾವಣೆ

1866ರ ಬೇಸಿಗೆಯಲ್ಲಿ ಲಂಡನ್ನಿಗೆ ಮತ್ತೆ ಕಾಲರಾ ಬಂದಿತು. ವಾರದ ಪಟ್ಟಿಗಳನ್ನು ಪರಿಶೀಲಿಸುತ್ತಿದ್ದ ಫಾರ್ ಅವರಿಗೆ ಸಾವುಗಳು ನಗರದ ಪೂರ್ವಭಾಗದಲ್ಲಿ ಮಾತ್ರ ದಟ್ಟವಾಗಿರುವುದು ಗೋಚರಿಸಿತು. ಎತ್ತರದ ಸಿದ್ಧಾಂತದಿಂದ ಇದನ್ನು ವಿವರಿಸಲು ಆಗುತ್ತಿರಲಿಲ್ಲ. ಅಷ್ಟೇ ತಗ್ಗಿನಲ್ಲಿದ್ದ ಬೇರೆ ಪ್ರದೇಶಗಳು ಬಹುಮಟ್ಟಿಗೆ ಸುರಕ್ಷಿತವಾಗಿದ್ದವು. ಪೂರ್ವಭಾಗಕ್ಕೆ ನೀರು ಒದಗಿಸುತ್ತಿದ್ದುದು ಈಸ್ಟ್ ಲಂಡನ್ ವಾಟರ್ ಕಂಪನಿ. ಫಾರ್ ಕೂಡಲೇ ಕಂಪನಿಯನ್ನು ವಿಚಾರಿಸಿದರು. ಸೋಸದ ನೀರನ್ನು ತಾವು ಪೂರೈಸಿಲ್ಲವೆಂದು ಕಂಪನಿಯ ಎಂಜಿನಿಯರ್ ಪತ್ರಿಕೆಯ ಮೂಲಕ ಹೇಳಿದರು. ಆದರೆ ತಮ್ಮ ನಲ್ಲಿಗಳಲ್ಲಿ ಹಾವುಮೀನುಗಳು ಬಂದಿವೆಯೆಂದು ಬಳಕೆದಾರರು ತಿಳಿಸಿದರು. ಸೋಸಿದ ನೀರಿನಲ್ಲಿ ಅವು ಬರುವಂತಿರಲಿಲ್ಲ. ಓಲ್ಡ್ ಫೋರ್ಡ್ ಎಂಬಲ್ಲಿದ್ದ ಮುಚ್ಚಿಲ್ಲದ ಜಲಾಶಯದಿಂದ ನೀರು ಸೇರಿದ್ದುದು ತನಿಖೆಯಿಂದ ಬಯಲಾಯಿತು.

ಈ ಪಿಡುಗಿನಲ್ಲಿ ಲಂಡನ್ನಿನ 5,000ಕ್ಕೂ ಹೆಚ್ಚು ಜನ ಮೃತಪಟ್ಟರು. 1868ರಲ್ಲಿ ಹೊರಬಂದ ತಮ್ಮ ವರದಿಯಲ್ಲಿ ಫಾರ್, ಕಾಲರಾ ಹರಡುವಲ್ಲಿ ನೀರಿನದೇ ಪ್ರಧಾನ ಪಾತ್ರವೆಂಬುದನ್ನು ಅಂಕಿಗಳ ಸಹಿತ ಸ್ಥಾಪಿಸಿದರು. ಸ್ನೋ ಅವರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆಯನ್ನೂ ಸಲ್ಲಿಸಿದರು. ಹದಿನಾಲ್ಕು ವರ್ಷಗಳ ಹಿಂದೆ ತಾವೇ ಬೆಂಬಲಿಸಿದ್ದ ವಿವರಣೆಯನ್ನು ತಾವೇ ಕಟ್ಟಿದ ದಾಖಲೆಗಳ ಬಲದಿಂದ ಅವರು ಬದಲಿಸಿಕೊಂಡರು.

ಫ್ಲಾರೆನ್ಸ್ ನೈಟಿಂಗೇಲ್ ಅವರೊಡನೆ

ಕ್ರೈಮಿಯಾ ಯುದ್ಧದಿಂದ ಮರಳಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಫಾರ್ 1856ರಲ್ಲಿ ಭೇಟಿಯಾದರು. ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರೆಂಬುದನ್ನು ತೋರಿಸುವ ಕೋಷ್ಟಕಗಳ ತಯಾರಿಕೆಯಲ್ಲಿ ಇಬ್ಬರೂ ಜೊತೆಯಾಗಿ ದುಡಿದರು. 1858ರಲ್ಲಿ ನೈಟಿಂಗೇಲ್ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾಗಿ ಆಯ್ಕೆಯಾದರು. ಅವರ ಹೆಸರನ್ನು ಸೂಚಿಸಿದವರು ಫಾರ್.

ಆಗ ಪ್ರತಿಯೊಂದು ಆಸ್ಪತ್ರೆಯೂ ತನಗೆ ತೋಚಿದಂತೆ ದಾಖಲೆಯಿಡುತ್ತಿತ್ತು. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ದಾಖಲಾತಿ, ಗುಣ, ಸಾವು ಮತ್ತು ರೋಗದ ವಿವರಗಳನ್ನು ಬರೆಯಬೇಕೆಂದು ನೈಟಿಂಗೇಲ್ ರೂಪಿಸಿದ ನಮೂನೆಗಳು ಫಾರ್ ಅವರ ರೋಗ ವರ್ಗೀಕರಣವನ್ನು ಆಧರಿಸಿದ್ದವು. 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಅವು ಮಂಡನೆಯಾದವು. ಕೆಲವು ಆಸ್ಪತ್ರೆಗಳು ಅವನ್ನು ಬಳಸಲು ತೊಡಗಿದರೂ, ನಮೂನೆ ಬಹಳ ಜಟಿಲವೆಂಬ ಆಕ್ಷೇಪದಿಂದ ಪ್ರಯತ್ನವು ಹೆಚ್ಚು ಕಾಲ ಮುಂದುವರಿಯಲಿಲ್ಲ.

ಆಸ್ಪತ್ರೆಗಳ ಅಂಕಿಗಳೇ ಫಾರ್ ಅವರನ್ನು ಒಂದು ವಿವಾದಕ್ಕೂ ಗುರಿಮಾಡಿದವು. 1863ರಲ್ಲಿ ಹೊರಬಂದ ನೈಟಿಂಗೇಲ್ ಅವರ ಆಸ್ಪತ್ರೆಗಳ ಕುರಿತ ಪುಸ್ತಕದ ಪರಿಷ್ಕೃತ ಆವೃತ್ತಿಯಲ್ಲಿ, ಲಂಡನ್ನಿನ 24 ಆಸ್ಪತ್ರೆಗಳ ಮರಣ ಪ್ರಮಾಣ ಶೇಕಡಾ 90ಕ್ಕೂ ಹೆಚ್ಚೆಂದು ತೋರಿಸುವ ಕೋಷ್ಟಕವಿತ್ತು. ಫಾರ್ ಅವರ ಕಚೇರಿಯ ಅಂಕಿಗಳಿಂದ ಸಿದ್ಧವಾದ ಈ ಕೋಷ್ಟಕದಲ್ಲಿ ವರ್ಷವಿಡೀ ಸಂಭವಿಸಿದ ಸಾವುಗಳನ್ನು ಜನಗಣತಿಯ ಒಂದು ದಿನ ಆಸ್ಪತ್ರೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಲಾಗಿತ್ತು. ವರ್ಷದಲ್ಲಿ ದಾಖಲಾದ ಎಲ್ಲ ರೋಗಿಗಳನ್ನು ಛೇದವಾಗಿ ಇಟ್ಟುಕೊಳ್ಳಬೇಕಾಗಿತ್ತೆಂದು ವೈದ್ಯರು ಕಟುವಾಗಿ ಟೀಕಿಸಿದರು. ಛೇದದ ಆಯ್ಕೆಯೊಂದೇ ಆಸ್ಪತ್ರೆಯ ಹೆಸರನ್ನು ಉಳಿಸಬಲ್ಲದು ಅಥವಾ ಅಳಿಸಬಲ್ಲದು ಎಂಬುದಕ್ಕೆ ಈ ವಿವಾದವನ್ನು ಈಗಲೂ ಉದಾಹರಿಸುವುದುಂಟು.

ಭಾರತದ ಸಂಬಂಧ

ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಆರೋಗ್ಯದ ವಿಚಾರಣೆಗಾಗಿ 1859ರಲ್ಲಿ ನೇಮಕವಾದ ರಾಯಲ್ ಕಮಿಷನ್ನಿನಲ್ಲಿ ಫಾರ್ ಸದಸ್ಯರಾಗಿದ್ದರು. ಸೇನಾ ನೆಲೆಗಳಿಗೆಲ್ಲ ಒಂದೇ ಪ್ರಶ್ನಾವಳಿಯನ್ನು ಕಳುಹಿಸಿ, ನೀರು, ಚರಂಡಿ, ವಸತಿ, ಆಹಾರ ಮತ್ತು ರೋಗಗಳ ಬಗ್ಗೆ ಉತ್ತರಗಳನ್ನು ತರಿಸಿಕೊಳ್ಳಲಾಯಿತು. ಬ್ರಿಟಿಷ್ ಸೈನಿಕರ ಮರಣ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 69ರಷ್ಟಿದ್ದುದನ್ನು 1863ರ ವರದಿ ಬಹಿರಂಗಪಡಿಸಿತು. ಈ ಉತ್ತರಗಳನ್ನು ಆಧರಿಸಿ ನೈಟಿಂಗೇಲ್ ಬರೆದ ಟಿಪ್ಪಣಿಯಲ್ಲಿ ಬೆಂಗಳೂರಿನ ಪ್ರಸ್ತಾಪವೂ ಇದೆ. ಕುಡಿಯಲು ಬಳಸುತ್ತಿದ್ದ ಹಲಸೂರು ಕೆರೆಗೆ ಪೇಟೆಯ ಕೊಳಚೆ ನೀರು ಹರಿದು ಸೇರುತ್ತಿದ್ದುದನ್ನು ಅವರು ಅದರಲ್ಲಿ ಎತ್ತಿ ತೋರಿಸಿದರು.

ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ

1853ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನವು ಎಲ್ಲ ದೇಶಗಳಿಗೂ ಒಪ್ಪುವ ಮರಣ ಕಾರಣಗಳ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆಯನ್ನು ಫಾರ್ ಹಾಗೂ ಜಿನೀವಾದ ಮಾರ್ಕ್ ದೆಸ್ಪಿನ್ ಅವರಿಗೆ ವಹಿಸಿತು. ಇಬ್ಬರೂ ಬೇರೆ ಬೇರೆ ತತ್ತ್ವಗಳ ಮೇಲೆ ಪಟ್ಟಿಗಳನ್ನು ರಚಿಸಿದರು. 1855ರ ಪ್ಯಾರಿಸ್ ಸಮ್ಮೇಳನವು ಎರಡನ್ನೂ ಹೊಂದಿಸಿ 139 ಶೀರ್ಷಿಕೆಗಳ ಪಟ್ಟಿಯನ್ನು ಒಪ್ಪಿತು. ಅದು ಎಲ್ಲೆಡೆ ಬಳಕೆಗೆ ಬರಲಿಲ್ಲ. ಆದರೆ 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಮಂಡಿಸಿದ ವರ್ಗೀಕರಣವು, ಸಾರ್ವದೈಹಿಕ ರೋಗಗಳನ್ನೂ ಅಂಗಗಳಿಗೆ ಸೀಮಿತವಾದ ರೋಗಗಳನ್ನೂ ಪ್ರತ್ಯೇಕಿಸುವ ಫಾರ್ ಅವರ ತತ್ತ್ವವನ್ನು ಅನುಸರಿಸಿತು. ಅದರ ಆರನೆಯ ಪರಿಷ್ಕರಣೆಯ ಹೊಣೆಯನ್ನು 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಹಿಸಿಕೊಂಡಿತು. ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿಯಿಂದ ಜಾರಿಯಲ್ಲಿದೆ.

ಕೊನೆಯ ವರ್ಷಗಳು

ಫಾರ್ 1842ರಲ್ಲಿ ಎರಡನೆಯ ವಿವಾಹವಾಗಿದ್ದರು. ಈ ವಿವಾಹದಿಂದ ಅವರಿಗೆ ಎಂಟು ಮಕ್ಕಳು. 1855ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. 1857ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಪದವಿ ನೀಡಿತು. 1871ರಿಂದ 1873ರವರೆಗೆ ಸಂಖ್ಯಾಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದರು.

ಗ್ರಹಾಂ ನಿವೃತ್ತರಾದಾಗ ಮಹಾನೋಂದಣಾಧಿಕಾರಿಯ ಹುದ್ದೆ ತಮಗೆ ದೊರೆಯುವುದೆಂದು ಫಾರ್ ನಿರೀಕ್ಷಿಸಿದ್ದರು. ಕಚೇರಿಯ ಕೀರ್ತಿಗೆ ಅವರೇ ಕಾರಣರೆಂಬುದು ಎಲ್ಲರಿಗೂ ತಿಳಿದ ವಿಷಯವಾಗಿತ್ತು. ಆದರೆ ಸರ್ಕಾರವು ಸರ್ ಬ್ರಿಜಸ್ ಹೆನಿಕರ್ ಅವರನ್ನು ನೇಮಿಸಿತು. 1880ರಲ್ಲಿ ಫಾರ್ ರಾಜೀನಾಮೆ ನೀಡಿ ಕಚೇರಿಯಿಂದ ಹೊರಬಂದರು. ಅದೇ ವರ್ಷ ಅವರಿಗೆ ಕಂಪ್ಯಾನಿಯನ್ ಆಫ್ ದಿ ಬಾತ್ ಎಂಬ ಗೌರವ ಸಂದಿತು. 1883ರ ಏಪ್ರಿಲ್ 14ರಂದು ಲಂಡನ್ನಿನ ತಮ್ಮ ಮನೆಯಲ್ಲಿ ನಿಧನ ಹೊಂದಿದರು. ಅವರ ಬರಹಗಳ ಆಯ್ದ ಸಂಗ್ರಹವು 1885ರಲ್ಲಿ ನೋಯೆಲ್ ಹಂಫ್ರೀಸ್ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು.

ಪ್ರಭಾವ

ಲಂಡನ್ನಿನ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಕಟ್ಟಡದ ಮೇಲೆ ಕೆತ್ತಲಾಗಿರುವ ಸಾರ್ವಜನಿಕ ಆರೋಗ್ಯದ ಮಹನೀಯರ ಹೆಸರುಗಳಲ್ಲಿ ಫಾರ್ ಅವರ ಹೆಸರೂ ಇದೆ. ಆಸ್ಪತ್ರೆಗಳ ಗಣಕ ವ್ಯವಸ್ಥೆಗಳಿಂದ ಆರೋಗ್ಯ ಇಲಾಖೆಗಳಿಗೆ ಮಾಹಿತಿಯನ್ನು ರವಾನಿಸುವ ಇಂದಿನ ಪದ್ಧತಿಗಳಲ್ಲಿಯೂ ಅವರು ಎದುರಿಸಿದ ಪ್ರಶ್ನೆಗಳೇ ಮುಂದುವರಿದಿವೆ: ಎಲ್ಲರೂ ಒಂದೇ ಪರಿಭಾಷೆ ಬಳಸುವರೇ, ಚಿಕಿತ್ಸೆ ನೀಡಿದವರಿಂದಲೇ ವಿವರ ಬರುವುದೇ, ಕ್ರಮ ಕೈಗೊಳ್ಳುವಷ್ಟು ಬೇಗ ಅದು ತಲುಪುವುದೇ, ಹೋಲಿಕೆಗೆ ಸರಿಯಾದ ಛೇದವಿದೆಯೇ.

ಭಾರತದಲ್ಲಿ 1969ರ ಜನನ ಮರಣ ನೋಂದಣಿ ಕಾಯಿದೆಯ 10ನೆಯ ಪ್ರಕರಣವು ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರಕ್ಕೆ ಸಂಬಂಧಿಸಿದ್ದು, ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರು ಅದನ್ನು ಶುಲ್ಕ ಪಡೆಯದೆ ನೀಡಬೇಕೆಂದು ವಿಧಿಸುತ್ತದೆ. ಆಸ್ಪತ್ರೆಯಲ್ಲಿ ಸಂಭವಿಸಿದ ಮರಣಕ್ಕೆ ನಮೂನೆ 4, ಇತರೆಡೆಯ ಮರಣಕ್ಕೆ ನಮೂನೆ 4ಎ ಬಳಕೆಯಲ್ಲಿವೆ. ಅವುಗಳಲ್ಲಿನ ಮರಣ ಕಾರಣಗಳನ್ನು ಅಂತರರಾಷ್ಟ್ರೀಯ ವರ್ಗೀಕರಣದ ಸಂಕೇತಗಳಿಗೆ ಪರಿವರ್ತಿಸಲಾಗುತ್ತದೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು, ವೈದ್ಯರು ಮತ್ತು ಪ್ರಯೋಗಾಲಯಗಳು ರೋಗಗಳ ವಿವರವನ್ನು ವಾರಕ್ಕೊಮ್ಮೆ ವರದಿ ಮಾಡುವ ಪದ್ಧತಿಯನ್ನು ಅಳವಡಿಸಲಾಯಿತು. ಲಂಡನ್ನಿನಲ್ಲಿ 1840ರಲ್ಲಿ ಫಾರ್ ಅವರ ಕಚೇರಿ ಆರಂಭಿಸಿದ ಪಟ್ಟಿಯ ಅವಧಿಯೂ ಒಂದು ವಾರವೇ ಆಗಿತ್ತು.